ಊರು ಹೇಳದ ಬಟ್ಟೆ

ನಮ್ಮ ಮನೆಯ ಮಗ್ಗದಿಂದ ಇಳಿದ ಬಟ್ಟೆಯ ಅಂಚಿನಲ್ಲಿ ಒಂದು ಹಸಿರು ಎಳೆ ಓಡುತ್ತಿತ್ತು. ಅಂದಕ್ಕಲ್ಲ. ಕೊಯಮತ್ತೂರಿನ ಹತ್ತಿರದ ಸೋಮನೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ನೇಯುವುದು ಒಂದೇ ಕೋರಾ ಬಟ್ಟೆ. ಒಂದೇ ಅಗಲ, ಒಂದೇ ಬಿಳುಪು. ಕೂಲಿಗೆ ನೇಯಲು ನೂಲಿನ ಹಾಸು ಕೊಡುವ ವ್ಯಾಪಾರಿಯ ಗೋದಾಮಿನಲ್ಲಿ ಅದೆಲ್ಲ ರಾಶಿ ಬಿದ್ದ ಮೇಲೆ ಯಾವುದು ಯಾರದ್ದೆಂದು ನೇಯ್ದವಳಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಒಂದೊಂದು ಶೆಡ್ಡಿಗೆ ಒಂದೊಂದು ಬಣ್ಣ. ಮಗ್ಗದ ಹಿಂದೆ ಬಣ್ಣದ ನೂಲಿನ ಉರುಳೆಯೊಂದನ್ನು ಬೇರೆಯಾಗಿ ತೂಗುಹಾಕಿ, ಅದರ ಎಳೆಯನ್ನು ಅಂಚಿಗೆ ಸೇರಿಸಿಬಿಡುವುದು. ಬಟ್ಟೆಯಲ್ಲಿ ಬಿರುಕು ಬಿಟ್ಟಿದ್ದರೆ, ಎಣ್ಣೆಯ ಕಲೆ ಕೂತಿದ್ದರೆ, ಗೋದಾಮಿನವರು ಅಂಚು ನೋಡಿ ಆ ಮನೆಯವರನ್ನು ಕರೆಸಿ ಬೈಯುತ್ತಿದ್ದರು. ಚೆನ್ನಾಗಿದ್ದರೆ ಯಾರೂ ಕರೆಯುತ್ತಿರಲಿಲ್ಲ. ಆದರೆ ಮುಂದಿನ ಹಾಸು ಆ ಮನೆಗೆ ಮೊದಲು ಬರುತ್ತಿತ್ತು. ನಮ್ಮ ಕಸುಬಿನಲ್ಲಿ ಹೊಗಳಿಕೆ ಎಂದರೆ ಅಷ್ಟೇ.

ಮನೆ ಭಾಗವಾದರೆ ಬಣ್ಣವೂ ಭಾಗವಾಗಬೇಕು. ಅಪ್ಪನ ಬಣ್ಣ ಹಿರಿಯವನಿಗೆ, ಕಿರಿಯವನು ಹೊಸದನ್ನು ಆರಿಸಿಕೊಳ್ಳಬೇಕು. ನನ್ನ ಗಂಡ ಹಿರಿಯವರು, ಹಸಿರು ನಮಗೆ ಬಂತು. ಮೈದುನ ಹಳದಿ ಹಿಡಿದ. ಬಾವಿಗೆ, ಮೋಟರಿಗೆ, ಹಿತ್ತಲಿನ ಬೇವಿನ ಮರಕ್ಕೆ ಆಗದ ಜಗಳ ಆ ಹಸಿರಿಗೆ ಆಯಿತು. ಮಾವನ ಹಸಿರೆಂದರೆ ಗೋದಾಮಿನಲ್ಲಿ ಬಿಚ್ಚಿಯೂ ನೋಡದೆ ಎತ್ತಿಡುತ್ತಿದ್ದರು. ಹೊಸ ಹಳದಿಯನ್ನು ಮೊಳ ಮೊಳವೂ ಬಿಚ್ಚಿ ನೋಡಿದರು. ನೇಯ್ದದ್ದು ಅದೇ ಕೈ, ಅದೇ ಮಗ್ಗ. ಮೈದುನನ ಹೆಂಡತಿ, ನನ್ನ ಓರಗಿತ್ತಿ, ಅಂದೇ ನನ್ನ ಜೊತೆ ಮಾತು ಬಿಟ್ಟಳು. ನಾನೇನು ಕಡಿಮೆಯೇ, ನಾನೂ ಬಿಟ್ಟೆ. ಎರಡು ಶೆಡ್ಡಿನ ನಡುವೆ ಇರುವುದು ಒಂದೇ ಗೋಡೆ. ಅವಳ ಮಗ್ಗ ನಿಂತರೆ ನನಗೆ ಗೊತ್ತಾಗುತ್ತದೆ, ನನ್ನದು ನಿಂತರೆ ಅವಳಿಗೆ.

ಮಾತು ಬಿಡಬಹುದು, ಕೊಡು ಕೊಳ್ಳು ಬಿಡಲು ಆಗುತ್ತದೆಯೇ. ನಮ್ಮಲ್ಲಿ ಲಾಳಿ ಒಡೆದ ದಿನ ಅವರಲ್ಲಿ ಒಂದು ಹೆಚ್ಚಿಗೆ ಇರುತ್ತದೆ. ಅವರ ಸಾರಿಗೆ ಬೇಕಾದ ಕರಿಬೇವು ನಮ್ಮ ಗಿಡದಲ್ಲಿದೆ. ಬೀದಿ ತುದಿಯ ದಿನಸಿ ಅಂಗಡಿಯವಳ ಮೂಲಕ ಎಲ್ಲ ಹೋಗಿ ಬರುತ್ತಿತ್ತು. ನಾನು ಅಂಗಡಿಯಲ್ಲಿ ಇಟ್ಟು ಬರುವುದು, ಅವಳು ಅಲ್ಲಿಂದ ಎತ್ತಿಕೊಂಡು ಹೋಗುವುದು. ಅಂಗಡಿಯವಳು ನಡುವೆ ಒಂದು ಹಿಡಿ ಕರಿಬೇವು ತನಗೆಂದು ಹಿಡಿದುಕೊಳ್ಳುತ್ತಿದ್ದಳು. ಯಾರು ಕೊಟ್ಟದ್ದೆಂದು ಯಾರೂ ಕೇಳಬಾರದು. ಕೇಳಿದರೆ ತೆಗೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ನಾನು ಕೊಳ್ಳೇಗಾಲದ ಕಡೆಯಿಂದ ಈ ಊರಿಗೆ ಬಂದ ಸೊಸೆ. ಅಲ್ಲಿ ನಾಲ್ಕನೇ ಕ್ಲಾಸು ಓದಿದ್ದೆ. ಅಷ್ಟರಿಂದಲೇ ಈ ಮನೆಯಲ್ಲಿ ಕನ್ನಡ ಅಕ್ಷರ ಬರುವವಳು ನಾನೊಬ್ಬಳು. ಮಗ, ಸೊಸೆ ಮನೆಯೊಳಗೆ ಕನ್ನಡ ಮಾತಾಡುತ್ತಾರೆ, ಬರೆಯುವುದು ತಮಿಳು. ಎರಡು ಸರ್ಕಾರಗಳ ಜಗಳ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀರಿನ ಜಗಳ ಎದ್ದಾಗಲೆಲ್ಲ ತವರಿನ ಬಸ್ಸು ಕಾಡಿನ ಚೆಕ್‌ಪೋಸ್ಟಿನಲ್ಲೇ ನಿಂತುಬಿಡುತ್ತಿತ್ತು. ಈ ಕಡೆಯ ಬಸ್ಸಿನಿಂದ ಇಳಿದು, ರಾಗಿ ಹಿಟ್ಟಿನ ಗಂಟನ್ನು ಸೊಂಟದಲ್ಲಿಟ್ಟುಕೊಂಡು, ಗೇಟು ದಾಟಿ ಆ ಕಡೆಯ ಬಸ್ಸು ಹತ್ತುತ್ತಿದ್ದೆ. ಪೊಲೀಸರು ಗಂಟು ಬಿಚ್ಚು ಎನ್ನುತ್ತಿದ್ದರು. ಬಿಚ್ಚುತ್ತಿದ್ದೆ. ನೋಡಿದ ಮೇಲೆ ಕಟ್ಟಿಕೋ ಎನ್ನುತ್ತಿದ್ದರು. ನೀವು ಬಿಚ್ಚಿಸಿದ್ದು, ನೀವೇ ಕಟ್ಟಿ ಎನ್ನುತ್ತಿದ್ದೆ. ಒಬ್ಬ ನಿಜವಾಗಿಯೂ ಕಟ್ಟಿಕೊಟ್ಟ.

ಈಗ ಹೇಳಹೊರಟದ್ದು ಕೋಟಾ ಹೋದ ಮೇಲಿನ ವರ್ಷಗಳ ಮಾತು. ಅದಕ್ಕೆ ಮೊದಲು ಅಮೆರಿಕ, ಯುರೋಪಿನವರು ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಿಕೊಳ್ಳಬೇಕೆಂದು ಅಳೆದು ಇಟ್ಟಿದ್ದರು. ಆ ಅಳತೆ ಹೋಯಿತು, ಇನ್ನು ಎಷ್ಟು ಬೇಕಾದರೂ ಕಳಿಸಬಹುದು ಎಂದು ಒಂದು ದಿನ ನಮ್ಮ ವ್ಯಾಪಾರಿ ಬೀದಿಗೆಲ್ಲ ಲಡ್ಡು ಹಂಚಿದ. ತಿರುಪ್ಪೂರಿನಲ್ಲಿ ಇದ್ದಬದ್ದವರೆಲ್ಲ ಮನೆಯ ಮೇಲೆ ಮನೆ ಎತ್ತಿ ಹೊಲಿಗೆ ಮೆಷಿನ್ನು ಹಾಕಿದರು. ನಾನೂ ಲಡ್ಡು ತಿಂದೆ. ಬಾಗಿಲು ತೆರೆದದ್ದು ನಮಗೊಬ್ಬರಿಗೇ ಎಂದು ನಾವೆಲ್ಲ ತಿಳಿದಿದ್ದೆವು. ಬಾಗಿಲು ತೆರೆದರೆ ಎಲ್ಲರಿಗೂ ತೆರೆಯುತ್ತದೆ. ಚೀನಾದವರ ಬಟ್ಟೆ ಬಂತು. ಅವರು ಯಾವ ಮಗ್ಗದಲ್ಲಿ ನೇಯುತ್ತಾರೋ, ಏನು ತಿನ್ನುತ್ತಾರೋ, ನಮಗೆ ಬರೀ ನೂಲಿಗೆ ಬೀಳುವ ಬೆಲೆಗೆ ಅವರು ಬಟ್ಟೆಯನ್ನೇ ಕೊಟ್ಟರು. ಬಾಂಗ್ಲಾದವರಿಗೆ ಬಡವರೆಂದು ಯುರೋಪಿನಲ್ಲಿ ಸುಂಕವಿಲ್ಲವಂತೆ. ನಮ್ಮ ನೂಲೇ ಹಡಗು ಹತ್ತಿ ಅಲ್ಲಿಗೆ ಹೋಗಿ, ಅಲ್ಲಿ ಅಂಗಿಯಾಗಿ, ನಮ್ಮ ಅಂಗಿ ಮಾರಬೇಕಾದ ಅಂಗಡಿಯಲ್ಲೇ ನಮಗಿಂತ ಅಗ್ಗಕ್ಕೆ ಮಾರಾಟವಾಯಿತು. ಮಗ ಇದನ್ನೆಲ್ಲ ತಮಿಳು ಪೇಪರಿನಲ್ಲಿ ಓದಿ ಹೇಳುತ್ತಿದ್ದ. ಓದಿದರೆ ಮಗ್ಗ ಓಡುತ್ತದೆಯೇ, ಪೇಪರು ಮಡಿಸಿಡು ಎನ್ನುತ್ತಿದ್ದೆ.

ಹಾಸು ಕೊಡುತ್ತಿದ್ದ ವ್ಯಾಪಾರಿಗಳು ಒಬ್ಬೊಬ್ಬರಾಗಿ ಕೈ ಬಿಟ್ಟರು. ಬೀದಿಯಲ್ಲಿ ಮಗ್ಗಗಳನ್ನು ಸುತ್ತಿಗೆಯಿಂದ ಒಡೆದು ಹಳೇ ಕಬ್ಬಿಣಕ್ಕೆ ತೂಗಿದರು. ಹೆಂಗಸರು ಬೆಳಿಗ್ಗೆ ಬನಿಯನ್ ಕಂಪನಿಯ ವ್ಯಾನು ಹತ್ತಿ ತಿರುಪ್ಪೂರಿಗೆ ಹೋಗತೊಡಗಿದರು. ಕೊನೆಗೆ ನಮ್ಮ ಬೀದಿಗೆ ಹಾಸು ಕೊಡುವವನು ಲಡ್ಡು ಹಂಚಿದ ಆ ವ್ಯಾಪಾರಿ ಒಬ್ಬನೇ ಉಳಿದ. ನಮ್ಮದು ಆರು ಮಗ್ಗದ ಶೆಡ್ಡು. ಅವನು ಇಲ್ಲವೆಂದರೆ ಮಗನೂ ವ್ಯಾನು ಹತ್ತಬೇಕು, ಮಗ್ಗಗಳು ಕಬ್ಬಿಣದ ಅಂಗಡಿಗೆ. ಆ ಶೆಡ್ಡು ಮುಚ್ಚುವುದನ್ನು ನನ್ನ ಕಣ್ಣೆದುರಿಗೆ ಆಗಗೊಡುವುದಿಲ್ಲ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ತೀರಿಹೋದ ಗಂಡನ ನೆನಪಿಗೆಂದಲ್ಲ, ಅದನ್ನೆಲ್ಲ ಹೇಳುವವಳು ನಾನಲ್ಲ. ಬೇರೆಯವರ ಕಂಪನಿಯಲ್ಲಿ ಸಂಜೆಯ ಗಂಟೆಗೆ ಕಾಯುವುದು ನಮ್ಮ ಮನೆಯವರಿಗೆ ಬರುವುದಿಲ್ಲ, ಅದಕ್ಕೆ.

ಹೀಗಿರುವಾಗ ಆ ವ್ಯಾಪಾರಿ ತಾನೇ ಬಂದು ಜಗಲಿಯಲ್ಲಿ ಕೂತ. ದೊಡ್ಡ ಆರ್ಡರು, ಬೀದಿಯ ಮಗ್ಗಕ್ಕೆಲ್ಲ ಬಹಳ ತಿಂಗಳ ಕೆಲಸ. ಮಗನ ಮುಖ ಅರಳಿತು. ವ್ಯಾಪಾರಿ ತಮಿಳಿನವನು, ಹೆಂಗಸರನ್ನು ಈ ಕಡೆಯವರ ಹಾಗೆ ಆತ್ತಾ ಎಂದೇ ಕರೆಯುವುದು.

"ಒಂದೇ ಒಂದು ಮಾತು ಆತ್ತಾ. ಅಂಚಿಗೆ ಬಣ್ಣ ಬೇಡ. ಸುಮ್ಮನೆ ಬಿಳಿ ಇರಲಿ."

"ಯಾಕೆ?"

"ಕೊಳ್ಳೋ ಪಾರ್ಟಿ ಹಾಗೆ ಕೇಳ್ತಾನೆ. ದುಬೈಯವನು."

"ದುಬೈಯವನಿಗೆ ಹಸಿರು ಕಂಡರೆ ಕಣ್ಣುರಿಯಾ?"

ಮಗ ಕೆಮ್ಮಿದ. ವ್ಯಾಪಾರಿ ನಕ್ಕು, ಕಾಫಿ ಕುಡಿದು, ಆಮೇಲೆ ದನಿ ತಗ್ಗಿಸಿ ವಿಷಯ ಹೇಳಿದ. ಬಟ್ಟೆ ದುಬೈಯಲ್ಲಿ ನಿಲ್ಲುವುದಿಲ್ಲ. ಅಲ್ಲಿ ಬೇಲಿನ, ಅಂದರೆ ಬಟ್ಟೆಯ ಮೂಟೆಯ, ಹೊದಿಕೆ ಬದಲಾಗುತ್ತದೆ, ಬೇರೆ ಹಡಗು ಹತ್ತಿ ಕರಾಚಿಗೆ ಹೋಗುತ್ತದೆ. ನಮ್ಮ ದೇಶದ ಇಂಥ ಬಟ್ಟೆಯನ್ನು ನೇರವಾಗಿ ತರಿಸಿಕೊಳ್ಳಬಾರದೆಂದು ಅವರ ಕಾನೂನು. ಬೇಡವೇ ಎಂದರೆ ಬೇಕು. ಅವರ ಅಂಗಡಿಗೂ ಬೇಕು, ಹೊಲಿಯುವವರಿಗೂ ಬೇಕು. ಆದರೆ ನಮ್ಮಿಂದ ಬಂತೆಂದು ಇರಬಾರದು. ಅಂಚಿನ ಎಳೆ ನೋಡಿದರೆ ಇದು ಕೊಯಮತ್ತೂರು ಕಡೆಯ ಮಗ್ಗದ್ದೆಂದು ತಿಳಿದವರು ಹೇಳಿಬಿಡುತ್ತಾರೆ. ಬಟ್ಟೆಗೆ ಊರೇ ಇರಬಾರದು ಎಂದ.

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದೊಡ್ಡ ಎರಡು ದೇಶ, ನಡುವೆ ನಮ್ಮ ಹಾಗೇ ಒಂದು ದಿನಸಿ ಅಂಗಡಿ ಎಂದು ಕನ್ನಡದಲ್ಲಿ ಅಂದೆ. ಒಳಗೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಸೊಸೆಯೂ ಕಿಸಕ್ಕೆಂದಳು. ವ್ಯಾಪಾರಿಗೆ ಏನೂ ಅರ್ಥವಾಗಲಿಲ್ಲ.

ಬಣ್ಣ ಇಲ್ಲದಿದ್ದರೆ ಯಾವುದು ಯಾರದ್ದೆಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಗೊತ್ತಾಗದಿರಲಿ ಎಂದೇ ತಾನೆ ತೆಗೆಯುವುದು ಎಂದ. ಅದು ಅವರಿಗೆ ಸರಿ, ನಿಮಗೆ ಹೇಗೆ ಎಂದೆ. ಪಕ್ಕದ ಶೆಡ್ಡಿನವರು ಮರುಮಾತಿಲ್ಲದೆ ಒಪ್ಪಿದ್ದಾರೆ ಆತ್ತಾ, ನಿಮಗೆ ಮಾತ್ರ ಇಷ್ಟು ಪ್ರಶ್ನೆ ಎಂದ. ಅವರು ಒಪ್ಪದೆ ಏನು, ಅವರ ಹಳದಿ ಹೋದರೆ ನಮ್ಮ ಹಸಿರೂ ಹೋಗುತ್ತದಲ್ಲ. ಮಗ ಸರಿ ಎಂದುಬಿಟ್ಟ. ಶೆಡ್ಡು ನಡೆಸುವವನು ಅವನು. ನಾನು ಎದ್ದು ಹೋಗಿ ಆರೂ ಮಗ್ಗದ ಹಸಿರು ಉರುಳೆಗಳನ್ನು ಕಳಚಿದೆ. ಇಷ್ಟವಿಲ್ಲದೆ ಕಳಚಿದೆ, ಅದನ್ನು ವ್ಯಾಪಾರಿಗೆ ಕೇಳಿಸುವಂತೆ ಹೇಳಿಯೇ ಕಳಚಿದೆ.

ಕೆಲಸ ಬಂತು. ಬೀದಿಯಲ್ಲಿ ಮತ್ತೆ ಮಗ್ಗದ ಸದ್ದು, ಕರೆಂಟು ಹೋದಾಗ ಮಾತ್ರ ಬಿಡುವು. ಊಟ ಚೆನ್ನಾಗಿಯೇ ನಡೆಯಿತು, ಇಲ್ಲವೆನ್ನುವುದಿಲ್ಲ. ಆ ದೇಶದವರ ಮೇಲೆ ನನಗೆ ಕೋಪವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಸಂಜೆ ಟೀವಿಯಲ್ಲಿ ಗಡಿಯ ಗೇಟು ಮುಚ್ಚುವುದನ್ನು ತೋರಿಸುತ್ತಿದ್ದರು. ಈ ಕಡೆಯ ಸಿಪಾಯಿ ಕಾಲನ್ನು ಹಣೆಯ ತನಕ ಎತ್ತಿ ನೆಲಕ್ಕೆ ಒದೆಯುತ್ತಾನೆ, ಆ ಕಡೆಯವನೂ ಹಾಗೆಯೇ. ಜನ ಚಪ್ಪಾಳೆ ಹೊಡೆಯುತ್ತಾರೆ. ಅಲ್ಲಿ ಅವರು ಗೇಟು ಮುಚ್ಚುತ್ತಿರುವ ಹೊತ್ತಿಗೆ ನಮ್ಮ ಬೇಲು ಸಮುದ್ರದ ಮೇಲೆ ಸುತ್ತಿಕೊಂಡು ಅವರ ಮನೆಯ ಹಿತ್ತಲ ಬಾಗಿಲಿಗೆ ಹೋಗುತ್ತಿತ್ತು. ಇಷ್ಟೆಲ್ಲ ಸುತ್ತಾಟದ ಖರ್ಚನ್ನು ಯಾರು ಕೊಡುತ್ತಾರೆ ಎಂದು ಮಗನನ್ನು ಕೇಳಿದೆ. ಅರ್ಧ ಕೊಳ್ಳುವವನು, ಅರ್ಧ ನಾವು ಎಂದ. ಅಂಗಡಿಯವಳು ಹಿಡಿದುಕೊಂಡ ಕರಿಬೇವಿನ ಲೆಕ್ಕ ಅಲ್ಲಿಗೂ ಸರಿಯಾಗಿತ್ತು.

ಆಮೇಲೆ ಒಂದಷ್ಟು ಬಟ್ಟೆ ದುಬೈಯಿಂದ ತಿರುಗಿ ಬಂತು. ಅಡ್ಡಡ್ಡ ಬಿರುಕು, ಕೆಲವು ಕಡೆ ಎಣ್ಣೆಯ ಕಲೆ. ಪಾರ್ಟಿ ಬೇಡವೆಂದಿದ್ದ. ವ್ಯಾಪಾರಿಯ ಗುಮಾಸ್ತ ಮೊಪೆಡ್ಡಿನಲ್ಲಿ ಬಂದವನು ಇಳಿಯಲೂ ಇಲ್ಲ. ಅದು ನಿಮ್ಮ ಶೆಡ್ಡಿನ ಬಟ್ಟೆ, ಇನ್ನು ಮುಂದೆ ನಿಮಗೆ ಹಾಸು ಇಲ್ಲವಂತೆ ಎಂದು ಹೇಳಿ ಹೋದ. ಮಗ ಜಗಲಿಯ ಮೇಲೆ ಕೂತುಬಿಟ್ಟ. ನಾಳೆಯಿಂದ ವ್ಯಾನಿಗೆ ಹೋಗುತ್ತೇನೆ ಎಂದ. ಸೊಸೆ ಅಳು ಮೋರೆ ಮಾಡಿಕೊಂಡಳು. ನಾನು ಸೀರೆ ಬದಲಿಸಿ ಗೋದಾಮಿಗೆ ಹೊರಟೆ. ಬೇಡಮ್ಮ ಎನ್ನುತ್ತ ಮಗ ಹಿಂದೆ ಬಂದ.

ಗೋದಾಮಿನಲ್ಲಿ ಬೀದಿಯ ಶೆಡ್ಡಿನವರೆಲ್ಲ ಇದ್ದರು. ಬಟ್ಟೆ ನೋಡಿ ಬುದ್ಧಿ ಕಲಿಯಲಿ ಎಂದು ವ್ಯಾಪಾರಿಯೇ ಕರೆಸಿದ್ದ. ಮೈದುನನಿಗೆ ಮೊಣಕಾಲು ನೋವು, ಅವನ ಬದಲಿಗೆ ಓರಗಿತ್ತಿ ಬಂದು ಕಂಬದ ಹತ್ತಿರ ನಿಂತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ನೆಲದ ಮೇಲೆ ಬಟ್ಟೆ ಹಾಸಿತ್ತು. ಕೆಟ್ಟದಾಗಿಯೇ ಇತ್ತು. ಯಾವಳೋ ಮಗ್ಗ ಬಿಟ್ಟು ಒಲೆಯ ಹತ್ತಿರ ಹೋಗಿದ್ದಾಳೆ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ಇದು ನಮ್ಮದೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದೆ. ನೀವೇ ತಾನೆ ಆತ್ತಾ ಮೊದಲಿನಿಂದ ಮನಸ್ಸಿಲ್ಲದೆ ನೇಯ್ದದ್ದು ಎಂದ. ಮನಸ್ಸು ಬಟ್ಟೆಯಲ್ಲಿ ಎಲ್ಲಿ ಕಾಣುತ್ತದೆ, ತೋರಿಸಿ ಎಂದೆ. ಅವನಿಗೆ ಸಿಟ್ಟು ಬಂತು. ಆರ್ಡರು ಕೈತಪ್ಪಿದರೆ ಇಡೀ ಬೀದಿ ಮುಚ್ಚುತ್ತದೆ, ಯಾರಾದರೂ ಒಬ್ಬರು ಹೊಣೆ ಹೊರಬೇಕು ಎಂದ. ಮಗ ನನ್ನ ಸೆರಗು ಎಳೆದ. ನಾನು ತಮಿಳಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಇದು ನಂದಲ್ಲ ಅಂತ ನಾನು ಹೇಳೋದಿಲ್ಲ. ನಂದೇ ಇರಬಹುದು, ನನಗೂ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಊರು ಬೇಡ, ಮನೆ ಬೇಡ, ಗುರುತು ಬೇಡ ಅಂತ ಕೇಳಿ ನೇಯಿಸಿಕೊಂಡ್ರಿ. ಮಾರೋವಾಗ ಯಾರದ್ದೂ ಅಲ್ಲದ ಬಟ್ಟೆ, ಕಲೆ ಬಿದ್ದಾಗ ಮಾತ್ರ ನಂದಾ?"

ಗುಮಾಸ್ತ ತನ್ನ ಚಪ್ಪಲಿ ನೋಡಿಕೊಂಡ. ಆಗ ಕಂಬದ ಕಡೆಯಿಂದ ಓರಗಿತ್ತಿ ಕನ್ನಡದಲ್ಲಿ ಏನೋ ಅಂದಳು. ಮಾತು ನನಗಲ್ಲ, ಗೋಡೆಗೆ ಹೇಳಿದ ಹಾಗಿತ್ತು. ವ್ಯಾಪಾರಿ ಏನೆಂದು ಕೇಳಿದ. ಅವಳು ತಮಿಳಿನಲ್ಲಿ ಬಿಡಿಸಿ ಹೇಳಿದಳು.

"ನಮ್ಮದೂ ಇರಬಹುದು ಅಂದೆ. ಯಾರು ಕಂಡರು."

ಅವಳಿಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಅವಳ ಶೆಡ್ಡಿಗೆ ಹಾಸು ನಿಂತಿರಲಿಲ್ಲ. ನಮ್ಮದು ನಿಂತರೆ ಆ ಆರು ಮಗ್ಗದ ಹಾಸೂ ಅವಳಿಗೇ ಬರುತ್ತಿತ್ತು. ಯಾಕೆ ಹೇಳಿದಳೋ ನಾನು ಕೇಳಿಲ್ಲ. ನನ್ನ ಲೆಕ್ಕದಲ್ಲಿ, ಇಂದು ನನ್ನ ತಲೆಗೆ ಕಟ್ಟಿದ್ದನ್ನು ನಾಳೆ ಅವಳ ತಲೆಗೂ ಕಟ್ಟುತ್ತಾನೆ ಎಂದು ಅವಳಿಗೆ ಹೊಳೆದಿರಬೇಕು. ಮೊಳ ಮೊಳ ಬಿಚ್ಚಿಸಿಕೊಂಡವಳು ತಾನೆ.

ಅವಳು ಹೇಳಿದ್ದೇ ತಡ, ಬೀದಿ ತುದಿಯ ಮನೆಯ ಮುದುಕ ತನ್ನದೂ ಇರಬಹುದು ಎಂದ. ಇನ್ನೊಬ್ಬ, ಹಾಗಾದರೆ ನನ್ನನ್ನು ಯಾಕೆ ಬಿಡುತ್ತೀರಿ, ನನ್ನದೂ ಸೇರಿಸಿ ಎಂದು ನಕ್ಕ. ಎಲ್ಲರೂ ಸೇರಿ ನನ್ನನ್ನು ಆಟ ಆಡಿಸುತ್ತೀರಾ ಎಂದು ವ್ಯಾಪಾರಿ ಕೂಗಾಡಿದ. ಬಣ್ಣದ ಎಳೆ ಇಲ್ಲದೆ ಇನ್ನು ಯಾರೂ ನಿಮ್ಮ ಹಾಸನ್ನು ಮಗ್ಗಕ್ಕೆ ಏರಿಸುವುದಿಲ್ಲ ಎಂದು ನಾನು ಹೇಳಿದೆ. ಯಾರನ್ನೂ ಕೇಳಿ ಹೇಳಿದ್ದಲ್ಲ. ಬೇಡವೆಂದು ಯಾರೂ ಅನ್ನಲಿಲ್ಲ, ಅಷ್ಟೇ. ಪಲ್ಲಡಂ ಕಡೆಯ ಮಗ್ಗದವರಿಗೆ ಆರ್ಡರು ಕೊಡುತ್ತೇನೆ ಎಂದು ವ್ಯಾಪಾರಿ ಹೆದರಿಸಿದ. ಕೊಡಿ, ಪಲ್ಲಡದ ಹೆಂಗಸರಿಗೂ ಬಾಯಿದೆ ಎಂದು ಹೇಳಿ ಬಂದೆ.

ಆಮೇಲೆ ಬೀದಿಯೆಲ್ಲ ನಿಂತಿತು. ಗೋಡೆಯ ಆಚೆಯೂ ಸದ್ದಿಲ್ಲ, ಈಚೆಯೂ ಇಲ್ಲ. ಮಗ ನಿಜವಾಗಿಯೂ ತಿರುಪ್ಪೂರಿನ ವ್ಯಾನು ಹತ್ತಿದ. ಬನಿಯನ್ ಕಂಪನಿಯಲ್ಲಿ ಬಟ್ಟೆ ತಪಾಸಣೆ ಮಾಡುವ ಕೆಲಸ. ಸಂಜೆ ಬಂದು ನನ್ನ ಮುಖ ನೋಡದೆ ಊಟ ಮಾಡಿ ಮಲಗುತ್ತಿದ್ದ. ಒಂದು ದಿನ ತಟ್ಟೆಯ ಮುಂದೆ ಕೂತವನು, ನಿನ್ನ ಹಟಕ್ಕೆ ನಾನು ದಿನವಿಡೀ ನಿಂತುಕೊಂಡಿರಬೇಕಾ ಎಂದ. ಕೂತುಕೊಂಡು ಬೈಸಿಕೊಳ್ಳುವುದಕ್ಕಿಂತ ನಿಂತುಕೊಂಡಿರುವುದು ಮೇಲು ಎಂದೆ. ಹೇಳಿ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ. ನಾನು ಸ್ವಲ್ಪ ಸೋತಂತೆ ಕಂಡಿದ್ದರೂ ಅವನು ಮಾರನೆಯ ದಿನವೇ ಹೋಗಿ ವ್ಯಾಪಾರಿಯ ಕಾಲು ಹಿಡಿಯುತ್ತಿದ್ದ. ಕಬ್ಬಿಣದ ಅಂಗಡಿಯವನು ಬೀದಿಯಲ್ಲಿ ಎರಡು ಸಲ ಸುಮ್ಮನೆ ಅಡ್ಡಾಡಿ ಹೋದ. ಎರಡನೆಯ ಸಲ ಅವನಿಗೆ ನೀರು ಬೇಕೇ ಎಂದು ಕೇಳಿದೆ. ಬೇಡ ಎಂದ. ಹಾಗಾದರೆ ಇಲ್ಲಿ ಬೇರೆ ಏನೂ ಸಿಗುವುದಿಲ್ಲ ಎಂದೆ.

ಪಲ್ಲಡದ ಶೆಡ್ಡುಗಳಿಗೆ ಬೇರೆ ಆರ್ಡರು ತುಂಬಿತ್ತಂತೆ. ಹಡಗಿನ ದಿನ ಹತ್ತಿರ ಬರುತ್ತಿತ್ತು. ವ್ಯಾಪಾರಿ ತಾನೇ ನಮ್ಮ ಮನೆಗೆ ಬರಲಿಲ್ಲ. ಮಾನ ಇದೆಯಲ್ಲ. ದಿನಸಿ ಅಂಗಡಿಯವಳ ಮೂಲಕ ಹೇಳಿ ಕಳಿಸಿದ. ನಾನು ಬೇಳೆ ಕೊಳ್ಳಲು ಹೋದಾಗ ಅವಳು ತೂಗುತ್ತ ತೂಗುತ್ತ ಹೇಳಿದಳು. ಬಟ್ಟೆಯ ಪೂರ್ತಿ ಅಂಚಿಗೆ ಬಣ್ಣ ಬೇಡ. ಒಂದೊಂದು ತಾನಿನ, ಅಂದರೆ ಒಂದೊಂದು ಸುತ್ತು ಬಟ್ಟೆಯ, ಮೊದಲ ಮೊಳ, ಕೊನೆಯ ಮೊಳ, ಅಷ್ಟಕ್ಕೆ ಎಳೆ ಇರಲಿ. ಗೋದಾಮಿನಲ್ಲಿ ನೋಡಿ ಆದ ಮೇಲೆ ಆ ಎರಡು ಮೊಳ ಕತ್ತರಿಸಿ, ಉಳಿದದ್ದನ್ನು ಬೇಲು ಕಟ್ಟುತ್ತಾರೆ.

"ಕತ್ತರಿಸಿದ ಮೊಳದ ನಷ್ಟ ಯಾರ ತಲೆಗೆ?" ಎಂದು ಕೇಳಿದೆ.

"ಅದು ನಿಮ್ಮದು ಅಂತ ಹೇಳು ಅಂದ," ಎಂದಳು.

"ಅವನದು ಅಂತ ಹೇಳು. ನೋಡೋದು ನಮ್ಮ ಎದುರಿಗೇ ಆಗಬೇಕು ಅಂತಲೂ ಹೇಳು."

ಅವಳು ಅದೇ ದಿನ ಹೇಳಿದಳು. ಅದೇ ಮಾತನ್ನು ಗೋಡೆಯ ಆಚೆಗೂ ಮುಟ್ಟಿಸಿದಳು. ಅಲ್ಲಿಂದ ಸರಿ ಎಂದು ಬಂದದ್ದನ್ನು ನನಗೆ ತಂದಳು. ಅಷ್ಟು ತಿರುಗಾಟಕ್ಕೆ ನಾನು ಬೇಳೆಯ ಜೊತೆ ಬೇಡದಿದ್ದರೂ ಒಂದು ಸೋಪು ಕೊಂಡೆ.

ಹಾಸು ಹೇರಿಕೊಂಡ ವ್ಯಾನು ಬಂದ ದಿನ ಮಗ ತಿರುಪ್ಪೂರಿಗೆ ಹೋಗಲಿಲ್ಲ. ಮೊಳದ ನಷ್ಟಕ್ಕೂ ಯಜಮಾನರು ಒಪ್ಪಿದ್ದಾರೆ ಎಂದು ಡ್ರೈವರು ಹೇಳಿದ. ಒಪ್ಪದೆ ನೀನು ಇಲ್ಲಿಗೆ ಬರುತ್ತಿರಲಿಲ್ಲ, ಇಳಿಸು ಎಂದೆ. ಅಂದಿನಿಂದ ಗೋದಾಮಿನಲ್ಲಿ ಬಟ್ಟೆಯ ತಾನು ಬಿಚ್ಚುವಾಗ ಬೀದಿಯಿಂದ ಒಬ್ಬರಾದರೂ ಎದುರಿಗೆ ಇರುತ್ತಿದ್ದೆವು. ನಮ್ಮದರಲ್ಲಿ ಒಮ್ಮೆ ಕಲೆ ಸಿಕ್ಕಿತು. ನಮ್ಮದೇ ಎಂದು ಒಪ್ಪಿಕೊಂಡು ತಂದೆವು. ಕಾಣಿಸಿದ ತಪ್ಪನ್ನು ಹೊರುವುದಕ್ಕೆ ನನಗೆ ನಾಚಿಕೆಯಿಲ್ಲ.

ಕರಾಚಿಯ ಹೆಂಗಸು ಅದನ್ನು ದಿಂಬಿಗೆ ಹಾಕಿದಳೋ, ಮಗುವಿಗೆ ಹೊದಿಸಿದಳೋ ನನಗೆ ಗೊತ್ತಿಲ್ಲ. ಎಲ್ಲಿಯದೆಂದು ಅವಳಿಗೂ ಗೊತ್ತಿಲ್ಲ. ಚೆನ್ನಾಗಿ ಬಾಳಿಕೆ ಬಂದಿರುತ್ತದೆ. ಆಮೇಲೆ ಎರಡು ದೇಶಗಳ ಜಗಳ ಜೋರಾಗಿ ದುಬೈಯ ದಾರಿಯೂ ಕಟ್ಟಿತು, ಆ ಆರ್ಡರು ನಿಂತಿತು. ನಮ್ಮ ಮಗ್ಗ ನಿಲ್ಲಲಿಲ್ಲ. ಸ್ವಲ್ಪ ದಿನ ಕೇರಳದ ಹಾಸಿಗೆ ಬಟ್ಟೆ, ಸ್ವಲ್ಪ ದಿನ ಇನ್ನೇನೋ. ಓರಗಿತ್ತಿ ನನ್ನ ಜೊತೆ ಇಂದಿಗೂ ಮಾತಾಡುವುದಿಲ್ಲ, ನಾನೂ ಹೋಗಿ ಮಾತಾಡಿಸಿಲ್ಲ.

ಒಂದು ದಿನ ವ್ಯಾಪಾರಿ ಮತ್ತೆ ಜಗಲಿಗೆ ಬಂದ. ಈ ಸಲ ಶ್ರೀಲಂಕಾದ ಕಡೆ ಆತ್ತಾ, ಅವರ ಜೊತೆ ಒಪ್ಪಂದ ಇದೆಯಂತೆ, ಆದರೆ ಅಲ್ಲಿಯೂ ಒಂದೆರಡು ತೊಡಕು ಎಂದು ಶುರು ಮಾಡಿದ.

"ಮೊದಲ ಮೊಳ, ಕೊನೆಯ ಮೊಳ," ಎಂದೆ.

"ನಾನಿನ್ನೂ ಏನೂ ಕೇಳಿಲ್ಲವಲ್ಲ ಆತ್ತಾ."

ಕೇಳುವ ಮೊದಲೇ ಹೇಳಿಬಿಟ್ಟರೆ ಕಾಫಿ ಆರುವುದಿಲ್ಲ ಎಂದು ಲೋಟ ಅವನ ಮುಂದಿಟ್ಟೆ. ಅವನು ಕುಡಿದ.